ಸರ್ ಸಿ.ವಿ. ರಾಮನ್: ಜೀವನ ಮತ್ತು ಶ್ರವಣಾತೀತ ಧ್ವನಿಯ ಅಧ್ಯಯನ

ಚಂದ್ರಶೇಖರ ವೆಂಕಟ ರಾಮನ್‌ರವರು ದಿನಾಂಕ 07.11.1888ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಪೂರೈಸಿ, 1907ರಲ್ಲಿ ಸರ್ಕಾರದ ಹಣಕಾಸು ಇಲಾಖೆಯ ಸೇವೆಗೆ ಸೇರಿ ಕಲ್ಕತ್ತೆಗೆ ತೆರಳಿದರು. ಕಚೇರಿ ಕೆಲಸದ ಮುಂಚೆ ಹಾಗೂ ನಂತರದ ಸಮಯವನ್ನು ಪ್ರಯೋಗಶಾಲೆಯಲ್ಲಿ ಕಳೆಯುತ್ತಿದ್ದ ಅವರು, 1917ರಲ್ಲಿ ಹೆಚ್ಚು ವೇತನದ ಸದರಿ ಹುದ್ದೆಯನ್ನು ತ್ಯಜಿಸಿ ಕಲ್ಕತ್ತೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. 28.02.1928ರ ಶೋಧನೆ ಹಾಗೂ 1930ರ ನೊಬೆಲ್ ಪ್ರಶಸ್ತಿ ಸರ್ವವಿದಿತ. ಅವರ ಬೆಂಗಳೂರಿನ ಕಾರ್ಯ ಅಷ್ಟಾಗಿ ಪ್ರಚಾರ ಪಡೆದಿಲ್ಲ.

1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಥಮ ಭಾರತೀಯ ನಿರ್ದೇಶಕರಾಗಿ ಅಧಿಕಾರ ವಹಿಸಿಕೊಂಡರು. ವೀಣೆ, ಮೃದಂಗಗಳ ನಾದವನ್ನು ಹಿಂದೆಯೇ ಅಭ್ಯಸಿಸಿದ್ದ ರಾಮನ್‌ರವರ ಗಮನ ಇಲ್ಲಿ ಕಿವಿಗೆ ಕೇಳಿಸದ ಧ್ವನಿಯತ್ತ ಹರಿಯಿತು. ಸೆಕೆಂಡಿಗೆ ಸುಮಾರು 20,000ಕ್ಕೂ ಮಿಗಿಲಾದ ಕಂಪನಗಳುಳ್ಳ ಇದನ್ನು ಶ್ರವಣಾತೀತ ಧ್ವನಿ ಎನ್ನುತ್ತಾರೆ. ಆಸ್ಪತ್ರೆಯ ಸ್ಕ್ಯಾನಿಂಗ್‌ನಲ್ಲಿ ಬಳಸುವುದೂ ಇದನ್ನೇ. ಇಂತಹ ಧ್ವನಿ ಸಾಗುವ ದ್ರವದ ಮೂಲಕ ಹಾಯ್ದ ಬೆಳಕು ಹಲವು ಕಿರಣಗಳಾಗಿ ಒಡೆಯುವುದನ್ನು 1932ರಲ್ಲಿ ವಿದೇಶದ ವಿಜ್ಞಾನಿಗಳು ಕಂಡಿದ್ದರು. ಧ್ವನಿಯು ದ್ರವದಲ್ಲಿ ಒತ್ತಾದ ಮತ್ತು ವಿರಳವಾದ ಪದರಗಳನ್ನು ಸಾಲಾಗಿ ಉಂಟುಮಾಡುವುದರಿಂದ ಹೀಗಾಗುತ್ತದೆ. ಒಡೆದ ಕಿರಣಗಳ ಪ್ರಖರತೆಯಲ್ಲಿನ ವ್ಯತ್ಯಾಸವನ್ನು ರಾಮನ್ ಹಾಗೂ ಅವರ ಶಿಷ್ಯ ಎನ್.ಎಸ್. ನಾಗೇಂದ್ರನಾಥ್‌ರವರು 1935-36ರಲ್ಲಿ ಗಣಿತದ ಮೂಲಕ ವಿವರಿಸಿದರು. ರಾಮನ್‌ರವರೇ 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಈ ಲೇಖನಗಳು ಪ್ರಕಟವಾದವು. ಕಣ್ಣಿಗೂ ಕಿವಿಗೂ ನಿಲುಕದ ಧ್ವನಿಯನ್ನು ಬೆಳಕಿನ ನೆರವಿನಿಂದ ಅಳೆಯಲು ಇದರಿಂದ ದೃಢವಾದ ಆಧಾರ ದೊರೆಯಿತು.

ಪರಮಾಣು ಇಂಧನದ ಪರಿಶೀಲನೆ ರಾಮನ್‌ರವರ ಉದ್ದೇಶವಾಗಿರಲಿಲ್ಲ. ಆಗ ಪರಮಾಣು ಸ್ಥಾವರಗಳೇ ಇರಲಿಲ್ಲ. ಆದರೆ ಅವರು ಅಭ್ಯಸಿಸಿದ ಧ್ವನಿಯೇ ಇಂದು ಇಂಧನ ಕಡ್ಡಿಗಳ ಕಾವಲಿಗೆ ನಿಂತಿದೆ. ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ 2000ನೇ ಇಸವಿಯಿಂದ ಕಾರ್ಯಾರಂಭ ಮಾಡಿದ 220 ಮೆಗಾವ್ಯಾಟ್ ಘಟಕಗಳಲ್ಲಿ, ಸುಮಾರು ಅರ್ಧ ಮೀಟರ್ ಉದ್ದದ 19 ಕಡ್ಡಿಗಳ ಕಟ್ಟುಗಳನ್ನು ಬಳಸಲಾಗುತ್ತದೆ. ಜಿರ್ಕೋನಿಯಂ ಮಿಶ್ರಲೋಹದ ತೆಳು ಕೊಳವೆಯೊಳಗೆ ಯುರೇನಿಯಂ ಡೈಆಕ್ಸೈಡ್ ಬಿಲ್ಲೆಗಳನ್ನು ತುಂಬಿ, ಎರಡೂ ತುದಿಗಳನ್ನು ಬೆಸುಗೆ ಹಾಕಿ ಮುಚ್ಚಲಾಗುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ವಿಕಿರಣಶೀಲ ವಸ್ತು ಶೀತಕ ನೀರಿಗೆ ಸೇರುವ ಅಪಾಯವಿದೆ. ಕೊಳವೆಯನ್ನು ಕತ್ತರಿಸಿ ನೋಡಿದರೆ ಅದು ಬಳಕೆಗೆ ಬಾರದು. ಆದ್ದರಿಂದ ಕೊಳವೆಯನ್ನು ನೀರಿನಲ್ಲಿ ಮುಳುಗಿಸಿ ಶ್ರವಣಾತೀತ ಧ್ವನಿಯನ್ನು ಹಾಯಿಸಲಾಗುತ್ತದೆ. ದೋಷವಿದ್ದಲ್ಲಿ ಪ್ರತಿಧ್ವನಿ ಮರಳಿ ಬಂದು ಅದರ ಸ್ಥಾನವನ್ನು ತಿಳಿಸುತ್ತದೆ. ಸೂಕ್ಷ್ಮ ಸೋರಿಕೆಯನ್ನು ಹೀಲಿಯಂ ಅನಿಲದಿಂದ ಪ್ರತ್ಯೇಕವಾಗಿ ಪರೀಕ್ಷಿಸುತ್ತಾರೆ, ಏಕೆಂದರೆ ಒಂದೇ ವಿಧಾನವನ್ನು ನಂಬುವಂತಿಲ್ಲ.

ಇಷ್ಟೆಲ್ಲ ಸಾಧನೆಯ ನಡುವೆಯೂ ಆಡಳಿತ ಮಂಡಳಿಯೊಡನೆ ಭಿನ್ನಾಭಿಪ್ರಾಯ ಬೆಳೆದು, ರಾಮನ್‌ರವರು 1937ರಲ್ಲಿ ನಿರ್ದೇಶಕ ಹುದ್ದೆಯನ್ನು ಬಿಡಬೇಕಾಯಿತು. ಊರು ಬಿಡಲಿಲ್ಲ. ಅಲ್ಲಿಯೇ ಪ್ರಾಧ್ಯಾಪಕರಾಗಿ ಮುಂದುವರಿದು, 1948ರಲ್ಲಿ ನಿವೃತ್ತರಾದ ನಂತರ, ಮೈಸೂರು ಸರ್ಕಾರ ನೀಡಿದ್ದ ಭೂಮಿಯಲ್ಲಿ ತಲೆಯೆತ್ತಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೊನೆಯವರೆಗೂ ದುಡಿದರು. 1954ರಲ್ಲಿ ಭಾರತರತ್ನ ಪುರಸ್ಕೃತರಾದ ಅವರು 21.11.1970ರಂದು ನಿಧನರಾದರು. ಅವರ ಅಂತ್ಯಕ್ರಿಯೆ ಆ ಸಂಸ್ಥೆಯ ಆವರಣದಲ್ಲಿಯೇ ನೆರವೇರಿತು.