ಪಂಜೆ ಮಂಗೇಶರಾಯರು: ಮನೆಮಾತಿನಿಂದ ಕನ್ನಡದ ಓದಿಗೆ

ಆಧುನಿಕ ಕನ್ನಡ ಸಾಹಿತ್ಯ ಚರಿತ್ರೆಗಳಲ್ಲಿ ಪಂಜೆ ಮಂಗೇಶರಾಯರ (1874–1937) ಹೆಸರು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ಬರುತ್ತದೆ. ಸಣ್ಣಕಥೆಯ ಉಗಮದ ಚರ್ಚೆಯಲ್ಲಿ ಒಮ್ಮೆ, ಶಿಶುಸಾಹಿತ್ಯದ ಮೊದಲಿಗರ ಪಟ್ಟಿಯಲ್ಲಿ ಮತ್ತೊಮ್ಮೆ. ಮೊದಲನೆಯದರ ಬಗೆಗೆ ವಾದವಿವಾದಗಳು ಸಾಕಷ್ಟು ನಡೆದಿವೆ. ಎರಡನೆಯದನ್ನು ಗೌರವದಿಂದ ಒಪ್ಪಿಕೊಂಡು ಮುಂದೆ ಸಾಗುವುದೇ ರೂಢಿಯಾಗಿದೆ. ಪಂಜೆಯವರು ಬರೆದದ್ದು ಯಾವ ಮಕ್ಕಳಿಗಾಗಿ, ಆ ಮಕ್ಕಳು ಮನೆಯಲ್ಲಿ ಆಡುತ್ತಿದ್ದ ಮಾತು ಯಾವುದು ಎಂಬ ಪ್ರಶ್ನೆಗೆ ದೊರೆತ ಗಮನ ಕಡಿಮೆ. ಅವರ ಬಾಳಿನ ದಾರಿಯನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡಿದರೆ ಹಾಡು, ಕಥೆ, ಪಠ್ಯಪುಸ್ತಕ, ವ್ಯಾಕರಣಗಳೆಂದು ಚದುರಿದಂತೆ ಕಾಣುವ ಅವರ ಬರವಣಿಗೆ ಒಂದೇ ಕೆಲಸದ ಬೇರೆ ಬೇರೆ ಮುಖಗಳಾಗಿ ತೋರುತ್ತದೆ.

ಮಂಗೇಶರಾಯರು ಹುಟ್ಟಿದ್ದು 1874ರ ಫೆಬ್ರುವರಿ 22ರಂದು, ನೇತ್ರಾವತಿಯ ದಂಡೆಯ ಬಂಟವಾಳದಲ್ಲಿ. ಪಂಜ ಎಂಬ ಊರಿನ ಮೂಲದಿಂದ ಬಂದ ಸಾರಸ್ವತ ಮನೆತನ ಅವರದು. ಮನೆಯ ಮಾತು ಕೊಂಕಣಿ, ಬೀದಿಯ ಮಾತು ತುಳು. ಕನ್ನಡ ಶಾಲೆಯದು, ಕಚೇರಿಯದು, ಯಕ್ಷಗಾನದ ಪ್ರಸಂಗಗಳದು, ಸಂಜೆಯ ಹೊತ್ತು ಹಿರಿಯರು ಓದಿಸಿ ಕೇಳುತ್ತಿದ್ದ ಭಾರತದ್ದು. ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇದು ಒಂದು ಮನೆಯ ವಿಶೇಷವಾಗಿರಲಿಲ್ಲ. ತುಳು, ಕೊಂಕಣಿ, ಬ್ಯಾರಿ, ಮಲಯಾಳ ಮೊದಲಾದ ಮನೆಮಾತುಗಳ ಮಕ್ಕಳು ಒಂದೇ ತರಗತಿಯಲ್ಲಿ ಕುಳಿತು ಕನ್ನಡದ ಅಕ್ಷರ ತಿದ್ದುತ್ತಿದ್ದರು. ಮೈಸೂರಿನ ಅಥವಾ ಧಾರವಾಡದ ಮಗುವಿಗೆ ಓದು ಕಲಿಯುವುದೆಂದರೆ ತಾನು ಆಡುವ ಮಾತಿಗೆ ಅಕ್ಷರದ ರೂಪ ಕೊಡುವುದು. ಬಂಟವಾಳದ ಮಗುವಾದರೋ ಪದವನ್ನೂ ಅಕ್ಷರವನ್ನೂ ಒಟ್ಟೊಟ್ಟಿಗೆ ಕಲಿಯಬೇಕಾಗಿತ್ತು. ಕಿವಿಗೆ ಬೀಳದ ಪದವನ್ನು ಕಣ್ಣಿನಿಂದ ಓದುವ ಈ ಕಷ್ಟವನ್ನು ಪಂಜೆಯವರು ಸ್ವತಃ ದಾಟಿ ಬಂದವರು.

ಬಂಟವಾಳದಲ್ಲಿ ಪ್ರಾಥಮಿಕ ವಿದ್ಯಾಭ್ಯಾಸ ಮುಗಿಸಿ ಅವರು ಮಂಗಳೂರಿಗೆ ಬಂದರು. ತಂದೆ ಬೇಗ ತೀರಿಕೊಂಡುದರಿಂದ ಓದು ಮತ್ತು ಸಂಸಾರದ ಹೊಣೆ ಜೊತೆಜೊತೆಯಾಗಿ ಸಾಗಿದವು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಅವರು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಆ ವೇಳೆಗೆ ಮಂಗಳೂರು ಕನ್ನಡ ವಿದ್ವತ್ತಿನ ಒಂದು ಮುಖ್ಯ ಕೇಂದ್ರವಾಗಿತ್ತು. ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಬಾಸೆಲ್ ಮಿಷನ್ನಿನ ಮುದ್ರಣಾಲಯದಿಂದ ಹೊರಬಂದಿತ್ತು. ಕನ್ನಡದ ಶಬ್ದಸಂಪತ್ತೆಲ್ಲ ಆ ಬೃಹತ್ ಗ್ರಂಥದಲ್ಲಿ ಸೇರಿಕೊಂಡಿತ್ತಾದರೂ ಅದೇ ಊರಿನ ಎಳೆಯ ಮಗುವಿನ ಬಾಯಿಗೆ ಅದರ ನೂರು ಪದಗಳನ್ನು ತಲುಪಿಸಬಲ್ಲ ಪುಸ್ತಕ ಸಿಗುವುದು ಕಷ್ಟವಾಗಿತ್ತು.

1900ರಲ್ಲಿ ಬೆನಗಲ್ ರಾಮರಾಯರ ಸಂಪಾದಕತ್ವದಲ್ಲಿ ಮಂಗಳೂರಿನಿಂದ ‘ಸುವಾಸಿನಿ’ ಮಾಸಪತ್ರಿಕೆ ಹೊರಟಿತು. ಪಂಜೆಯವರು ಅದರಲ್ಲಿ ಹಲವು ಹೆಸರುಗಳಿಂದ ಬರೆದರು. ‘ಕವಿಶಿಷ್ಯ’, ‘ಹರಟೆಮಲ್ಲ’ ಎಂಬ ಕಾವ್ಯನಾಮಗಳು ಅವರವೇ. ‘ನನ್ನ ಚಿಕ್ಕತಂದೆ’, ‘ನನ್ನ ಚಿಕ್ಕತಾಯಿ’, ‘ಕಮಲಾಪುರದ ಹೋಟ್ಲಿನಲ್ಲಿ’ ಮೊದಲಾದ ಬರಹಗಳನ್ನು ಮುಂದಿನ ವಿಮರ್ಶಕರು ಕನ್ನಡ ಸಣ್ಣಕಥೆಯ ಮೊದಲ ಹೆಜ್ಜೆಗಳೆಂದು ಗುರುತಿಸಿದರು. ಆದ್ಯತೆಯ ಈ ಚರ್ಚೆ ಎಷ್ಟೇ ಬೆಳೆದಿದ್ದರೂ ಪಂಜೆಯವರ ದೃಷ್ಟಿ ಅದರ ಮೇಲೆ ನೆಟ್ಟಿರಲಿಲ್ಲವೆಂಬುದು ಅವರ ನಂತರದ ಬಾಳಿನಿಂದ ಸ್ಪಷ್ಟ. ವಯಸ್ಕರ ಕಥೆಗಾರರಾಗಿ ಬೆಳೆಯುವ ಅವಕಾಶ ಕಣ್ಣೆದುರಿಗಿದ್ದಾಗಲೂ ಅವರು ಹೆಚ್ಚು ಹೆಚ್ಚಾಗಿ ಮಕ್ಕಳ ಕಡೆಗೆ ತಿರುಗಿದರು. ಕನ್ನಡ ಸಣ್ಣಕಥೆಗೆ ಇದರಿಂದ ನಷ್ಟವಾಯಿತೆಂದು ಹೇಳಬಹುದು. ಆ ನಷ್ಟವನ್ನು ಅವರು ತಿಳಿದೇ ಒಪ್ಪಿಕೊಂಡಂತೆ ಕಾಣುತ್ತದೆ.

ಈ ತಿರುವಿಗೆ ಅವರ ಉದ್ಯೋಗವೂ ಒಂದು ಕಾರಣ. ಪದವಿಯ ಬಳಿಕ ಮದರಾಸಿನ ಸೈದಾಪೇಟೆಯಲ್ಲಿ ಶಿಕ್ಷಕ ತರಬೇತಿ ಪಡೆದ ಅವರು ಜಿಲ್ಲೆಯ ಶಾಲೆಗಳ ಇನ್‌ಸ್ಪೆಕ್ಟರರಾಗಿ ಊರೂರು ಸುತ್ತಿದರು. ಇನ್‌ಸ್ಪೆಕ್ಟರರ ಭೇಟಿಯೆಂದರೆ ಆ ಕಾಲದ ಹಳ್ಳಿಯ ಶಾಲೆಗೆ ನಡುಕ ಹುಟ್ಟಿಸುವ ದಿನ. ಬಾಯಿಪಾಠ ತಪ್ಪಿದರೆ ಮಗುವಿಗೆ ಪೆಟ್ಟು, ಉಪಾಧ್ಯಾಯರಿಗೆ ಅನುದಾನದ ಚಿಂತೆ. ಪಂಜೆಯವರು ಮಾತ್ರ ಮಕ್ಕಳ ನಡುವೆ ನಿಂತು ಹಾಡುತ್ತಿದ್ದರು, ಕೈಕಾಲು ಆಡಿಸಿ ಅಭಿನಯಿಸುತ್ತಿದ್ದರು, ಕಥೆ ಹೇಳುತ್ತಿದ್ದರು ಎಂಬುದು ಅವರನ್ನು ಬಲ್ಲವರ ನೆನಪುಗಳಲ್ಲಿ ಉಳಿದುಬಂದಿದೆ. ಇದನ್ನು ಕೇವಲ ಸ್ವಭಾವದ ಮೃದುತ್ವವೆಂದು ಕಾಣುವುದು ಸರಿಯಲ್ಲ. ಮಗುವಿಗೆ ತಿಳಿಯದ ಪದದ ಅರ್ಥವನ್ನು ಮತ್ತೊಂದು ತಿಳಿಯದ ಪದದಿಂದ ಹೇಳಿ ಪ್ರಯೋಜನವಿಲ್ಲ. ಹೆಡೆ ಎಂಬ ಪದ ಅಂಗೈ ಬಿಚ್ಚಿದಾಗ ತಿಳಿಯುತ್ತದೆ, ಬಾಗು ಎಂಬುದು ಬೆನ್ನು ಬಗ್ಗಿದಾಗ. ಕನ್ನಡವೇ ಮನೆಮಾತಲ್ಲದ ಮಕ್ಕಳ ಮುಂದೆ ಅಭಿನಯವು ಅವರ ಪಾಲಿಗೆ ನಿಘಂಟಿನ ಕೆಲಸ ಮಾಡುತ್ತಿತ್ತು.

ಅವರ ಪ್ರಸಿದ್ಧ ಶಿಶುಗೀತೆಗಳ ರಚನೆಯನ್ನು ಈ ನೆಲೆಯಲ್ಲಿ ಪರಿಶೀಲಿಸಬಹುದು. ‘ನಾಗರ ಹಾವೆ’ ಪದ್ಯದಲ್ಲಿ ಮಗು ಹಾವನ್ನು ನೇರವಾಗಿ ಮಾತನಾಡಿಸುತ್ತದೆ. ಕೈಮುಗಿದು ಕರೆಯುವುದು, ಹೆಡೆ ಬಿಚ್ಚಲು ಕೇಳುವುದು, ತಲೆಯ ಮೇಲಿನ ರತ್ನದ ನಿಜವನ್ನು ಕೇಳುವುದು, ಕೊನೆಗೆ ಹೋಗೆಂದು ಕಳುಹಿಸುವುದು, ಹೀಗೆ ಪ್ರತಿ ಪದ್ಯಕ್ಕೂ ಒಂದು ಕ್ರಿಯೆ. ಪದ್ಯಗಳು ಮುಗಿಯುವುದು ಒಂದೇ ಅಕ್ಷರದ ಪದದ ಆವರ್ತನೆಯಿಂದ. ಕನ್ನಡದ ಅತಿ ಚಿಕ್ಕ, ಅತಿ ಹೆಚ್ಚು ಬಳಕೆಯ ಮಾತುಗಳು ಹೀಗೆ ಮಗುವಿನ ನಾಲಗೆಗೆ ಆಟವಾಗಿ ಬರುತ್ತವೆ. ದೊಡ್ಡವರು ಸಾಲನ್ನು ಹೇಳುತ್ತಿದ್ದರೆ ಇನ್ನೂ ಮಾತು ಬಾರದ ಕೂಸು ಕೂಡ ಆ ಒಂದಕ್ಷರಕ್ಕೆ ದನಿಗೂಡಿಸಬಲ್ಲದು. ಅದೇ ಪದ್ಯದಲ್ಲಿ ಕೊಡುವುದೆಂಬ ಅರ್ಥದ ಹಳೆಯ ಧಾತುವೂ ಆಡುಮಾತಿನಲ್ಲಿ ಅಪರೂಪವಾದ ಒಂದೆರಡು ಕಾವ್ಯರೂಪಗಳೂ ಸದ್ದಿಲ್ಲದೆ ಸೇರಿಕೊಂಡಿವೆ. ವ್ಯಾಕರಣದ ತರಗತಿಗೆ ಬರುವ ಮೊದಲೇ ಮಗು ಅವುಗಳಿಗೆ ಒಗ್ಗಿಕೊಂಡಿರುತ್ತದೆ.

‘ತೆಂಕಣ ಗಾಳಿಯಾಟ’ದಲ್ಲಿ ಇದೇ ವಿಧಾನ ಇನ್ನೊಂದು ಬಗೆಯಲ್ಲಿ ಕೆಲಸ ಮಾಡಿದೆ. ಕರಾವಳಿಯ ಮಗುವಿಗೆ ಗಾಳಿ, ಕಡಲು, ಉರುಳುವ ಮರ ಎಲ್ಲವೂ ಪರಿಚಿತ. ಅವುಗಳ ಕನ್ನಡದ ಹೆಸರು ಮಾತ್ರ ಹೊಸದು. ಪದ್ಯದುದ್ದಕ್ಕೂ ಒತ್ತಕ್ಷರಗಳು, ಅದರಲ್ಲೂ ಬಕಾರದ ದ್ವಿತ್ವಗಳು, ಅಲೆಯಂತೆ ಒಂದರ ಮೇಲೊಂದು ಬರುತ್ತವೆ. ಕಾಗುಣಿತ ದಾಟಿದ ಮಗು ಮೊದಲು ಎಡವುವುದು ಒತ್ತಕ್ಷರಗಳಲ್ಲಿ. ಸ್ಲೇಟಿನ ಮೇಲೆ ಕಾಡುವ ಆ ಒತ್ತು ಇಲ್ಲಿ ಗಾಳಿಯ ಸದ್ದೇ ಆಗಿ ಕಿವಿಯಲ್ಲಿ ಮೊದಲು ನಿಂತುಬಿಡುತ್ತದೆ, ಆಮೇಲೆ ಪುಟದಲ್ಲಿ ಎದುರಾದಾಗ ಅದು ಅಪರಿಚಿತವಲ್ಲ. ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬ ಗದ್ಯಕಥೆಯೂ ಇದೇ ಬಗೆಯ ಬುದ್ಧಿವಂತಿಕೆಯಿಂದ ಹೆಣೆದದ್ದು. ಒಂದು ಪ್ರಶ್ನೆಗೆ ಬಂದ ಉತ್ತರ ಇನ್ನೊಂದು ಪ್ರಶ್ನೆಗೆ ದಾರಿ ಮಾಡುವ ಸರಪಳಿ ಕಥೆ ಅದು. ವಾಕ್ಯದ ಅಚ್ಚು ಬದಲಾಗುವುದಿಲ್ಲ, ಪ್ರತಿ ಹೆಜ್ಜೆಯಲ್ಲೂ ಪದಗಳಷ್ಟೇ ಹೊಸವು. ಜನಪದ ಕಥನದಲ್ಲಿ ಬಹುಕಾಲದಿಂದ ಇದ್ದ ಈ ತಂತ್ರವನ್ನು ಪಂಜೆಯವರು ಓದಿನ ಮೊದಲ ಮೆಟ್ಟಿಲಾಗಿ ಬಳಸಿದರು. ಮುಂದೇನು ಬರುವುದೆಂದು ಊಹಿಸಬಲ್ಲ ಮಗು ಓದಲು ಅಂಜುವುದಿಲ್ಲ.

ಇಂಥ ರಚನೆಗಳು ಮುದ್ರಿತ ಪುಟವಿಲ್ಲದೆಯೂ ಬದುಕಬಲ್ಲವು ಎಂಬುದು ಇಲ್ಲಿ ಮುಖ್ಯ ಸಂಗತಿ. ಪುಸ್ತಕಗಳಿಲ್ಲದ, ತಾಯಿಗೆ ಅಕ್ಷರ ಬಾರದ ಮನೆಗಳೇ ಆ ಕಾಲದಲ್ಲಿ ಹೆಚ್ಚು. ಅಲ್ಲಿ ಓದುವ ಅಭ್ಯಾಸವನ್ನು ಪುಸ್ತಕದಿಂದ ಆರಂಭಿಸಲು ಸಾಧ್ಯವಿರಲಿಲ್ಲ. ಶಾಲೆಗೆ ಹೋದ ಮಗು ಹಾಡನ್ನು ಮನೆಗೆ ಹೊತ್ತು ತಂದು ತಮ್ಮ ತಂಗಿಯರ ಮುಂದೆ ಕುಣಿದು ತೋರಿಸಿದರೆ ಮನೆಯೊಳಗೆ ಕನ್ನಡದ ಪದಗಳು ಓಡಾಡತೊಡಗುತ್ತವೆ, ಅಡುಗೆಮನೆಯಲ್ಲಿದ್ದ ತಾಯಿಯ ಕಿವಿಗೂ ಬೀಳುತ್ತವೆ. ಪಂಜೆಯವರ ಗೀತೆಗಳಲ್ಲಿ ಉಪದೇಶ ವಿರಳವಾಗಿರುವುದಕ್ಕೆ ಇದೂ ಒಂದು ಕಾರಣವಿದ್ದೀತು. ನೀತಿಯ ಪದ್ಯವನ್ನು ಮಗು ಗುರುಗಳ ಮುಂದೆ ಒಪ್ಪಿಸುತ್ತದೆ, ಹಾವಿನ ಪದ್ಯವನ್ನು ಅಂಗಳದಲ್ಲಿ ಹಾಡುತ್ತದೆ.

ಪಠ್ಯಪುಸ್ತಕ ರಚನೆಯಲ್ಲಿ ಅವರು ಪಟ್ಟ ಶ್ರಮ ಇದರ ಮುಂದುವರಿಕೆ. ಹಲವು ಭಾಗಗಳಲ್ಲಿ ಬಂದ ‘ಕನ್ನಡ ಪದ್ಯ ಪುಸ್ತಕ’ ಹಳೆಯ ಕಾವ್ಯಭಾಗಗಳನ್ನೇ ಬಾಯಿಪಾಠ ಮಾಡಿಸುತ್ತಿದ್ದ ಪದ್ಧತಿಗೆ ಹೊಸ ತಿರುವು ಕೊಟ್ಟಿತು. ಬಾಲಸಾಹಿತ್ಯ ಮಂಡಲದ ಮೂಲಕ ಮಂಗಳೂರಿನಲ್ಲಿ ಮಕ್ಕಳ ಪುಸ್ತಕಗಳ ಪ್ರಕಟಣೆಗೂ ಅವರು ಬೆಂಬಲವಾಗಿ ನಿಂತರು. ಇದೇ ಅವಧಿಯಲ್ಲಿ, 1920ರಲ್ಲಿ, ಕಿಟ್ಟೆಲರು ಹಿಂದೆ ಸಂಪಾದಿಸಿದ್ದ ಕೇಶಿರಾಜನ ‘ಶಬ್ದಮಣಿದರ್ಪಣ’ ಪಂಜೆಯವರ ಪರಿಷ್ಕರಣದೊಂದಿಗೆ ಪ್ರಕಟವಾಯಿತು. ಹಳಗನ್ನಡ ವ್ಯಾಕರಣದ ಪಾಠಾಂತರಗಳನ್ನು ಹೋಲಿಸಿ ನೋಡುತ್ತಿದ್ದ ಕೈಯೇ ಕೋಳಿ, ಇಲಿ, ಹಾವುಗಳ ಪದ್ಯಗಳನ್ನು ಬರೆಯುತ್ತಿತ್ತು. ಇವನ್ನು ಪರಸ್ಪರ ವಿರುದ್ಧ ಆಸಕ್ತಿಗಳೆಂದು ಭಾವಿಸಬೇಕಾಗಿಲ್ಲ. ಧಾತು, ಪ್ರತ್ಯಯ, ದ್ವಿರುಕ್ತಿ, ಅನುಕರಣ ಶಬ್ದಗಳ ಸ್ವರೂಪವನ್ನು ಆಳವಾಗಿ ಬಲ್ಲವರಿಗೆ ಮಾತ್ರ ಅಷ್ಟು ಸರಳವಾಗಿ ಬರೆಯಲು ಸಾಧ್ಯ. ಅವರ ಸರಳತೆ ವಿದ್ವತ್ತಿನ ಕೊರತೆಯಿಂದ ಬಂದದ್ದಲ್ಲ.

ತುಳುನಾಡಿನ ಪಾಡ್ದನವನ್ನು ಆಧರಿಸಿ ಅವರು ಕನ್ನಡ ಗದ್ಯದಲ್ಲಿ ಬರೆದ ‘ಕೋಟಿ ಚೆನ್ನಯ’ (1924) ಈ ದೃಷ್ಟಿಯಿಂದ ವಿಶೇಷ ಗಮನಕ್ಕೆ ಅರ್ಹವಾದ ಕೃತಿ. ಅವಳಿ ವೀರರ ಕಥೆಯನ್ನು ಗರಡಿಯ ನೇಮದಲ್ಲಿ, ನಾಟಿಯ ಗದ್ದೆಯಲ್ಲಿ ತುಳುವಿನಲ್ಲೇ ಕೇಳಿ ಬೆಳೆದ ಮಗು ಅದನ್ನು ಕನ್ನಡದಲ್ಲಿ ಓದುವಾಗ ಕಥೆ ತನ್ನದು, ಭಾಷೆ ಮಾತ್ರ ಹೊಸದು. ಘಟನೆ ಮೊದಲೇ ಗೊತ್ತಿರುವುದರಿಂದ ತಿಳಿಯದ ಪದದ ಅರ್ಥ ಸಂದರ್ಭದಿಂದಲೇ ಹೊಳೆಯುತ್ತದೆ. ಇಂದಿನ ಶಿಕ್ಷಣ ಚಿಂತನೆಯಲ್ಲಿ ಓದುಗನ ಪೂರ್ವಜ್ಞಾನಕ್ಕೆ ಕೊಡುವ ಮಹತ್ವವನ್ನು ನೆನೆದರೆ ಈ ಆಯ್ಕೆಯ ವಿವೇಕ ಅರ್ಥವಾಗುತ್ತದೆ. ಮನೆಮಾತನ್ನು ತೊರೆದು ಕನ್ನಡಕ್ಕೆ ಬಾ ಎಂದು ಪಂಜೆಯವರು ಮಗುವಿಗೆ ಹೇಳಲಿಲ್ಲ. ಮನೆಯಲ್ಲಿ ಕೇಳಿದ್ದನ್ನು ಹೊತ್ತುಕೊಂಡೇ ಬರುವ ಹಾದಿಯನ್ನು ಮಾಡಿಕೊಟ್ಟರು. ಆದರೆ ಆ ಹಾದಿ ಒಮ್ಮುಖವಾದುದು ಎಂಬುದನ್ನೂ ಹೇಳಬೇಕು. ತುಳುವಿನ ಸಂಪತ್ತು ಕನ್ನಡದ ಓದಿಗೆ ಮೆಟ್ಟಿಲಾಯಿತು, ತುಳುವಿನಲ್ಲೇ ಮಕ್ಕಳು ಓದಬಹುದೆಂಬ ವಿಚಾರ ಅವರ ಯೋಜನೆಯ ಭಾಗವಾಗಲಿಲ್ಲ. ಅವರ ಐತಿಹಾಸಿಕ ಕಥೆಗಳ ಕೆಲವೆಡೆ ಭಾಷೆ ಎಳೆಯರಿಗೆ ಭಾರವಾಗುವುದೂ ಉಂಟು. ಶಿಶುಗೀತೆಯ ಕವಿಗಿಂತ ಪಂಡಿತ ಅಲ್ಲಿ ಮುಂದೆ ನಿಲ್ಲುತ್ತಾನೆ.

1920ರ ದಶಕದಲ್ಲಿ ಪಂಜೆಯವರು ಮಡಿಕೇರಿಯ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ಕೊಡಗಿಗೆ ಹೋದರು. ಅಲ್ಲಿಯೂ ಪರಿಸ್ಥಿತಿ ಬೇರೆಯಾಗಿರಲಿಲ್ಲ: ಬಹಳಷ್ಟು ಮಕ್ಕಳ ಮನೆಯಲ್ಲಿ ಕೊಡವ ಮಾತು, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್. ಆ ನಾಡಿನ ಸುಗ್ಗಿಯ ಹಬ್ಬವನ್ನೂ ಬೆಟ್ಟ ಹೊಳೆಗಳನ್ನೂ ವೀರರನ್ನೂ ಕುರಿತು ಅವರು ಬರೆದ ‘ಹುತ್ತರಿ ಹಾಡು’ ಹೊರಗಿನಿಂದ ಬಂದ ಉಪಾಧ್ಯಾಯರೊಬ್ಬರು ಸ್ಥಳೀಯರಿಗೆ ಅವರದೇ ಹಬ್ಬವನ್ನು ಕನ್ನಡದಲ್ಲಿ ಹಾಡಿಕೊಟ್ಟ ಅಪರೂಪದ ಉದಾಹರಣೆ. ಕರಾವಳಿಯಲ್ಲಿ ಪಾಡ್ದನದ ಕಥೆಯಿಂದ ಸಾಧಿಸಿದ್ದನ್ನು ಇಲ್ಲಿ ಹಬ್ಬದ ವರ್ಣನೆಯಿಂದ ಸಾಧಿಸಿದರು.

1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಪಂಜೆಯವರು ಅಧ್ಯಕ್ಷರಾದರು. ಜೀವಮಾನದ ಬಹುಭಾಗವನ್ನು ಮಕ್ಕಳ ಪುಸ್ತಕಗಳಿಗೆ ಕೊಟ್ಟ ಲೇಖಕರೊಬ್ಬರಿಗೆ ಆ ಪೀಠ ದೊರೆತುದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ. ರಾಯಚೂರು ಅಂದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ ಉರ್ದು; 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನೆಯೂ ಉರ್ದುವಿನಲ್ಲಿ. ದಕ್ಷಿಣ ಕನ್ನಡದಲ್ಲಿ ಶಾಲೆಯ ಮಾತಾಗಿದ್ದ ಕನ್ನಡ ಇಲ್ಲಿ ಮನೆಯ ಮಾತಾಗಿ ಉಳಿದು, ಮೇಲಿನ ಓದಿನಿಂದ ಹೊರಗಿತ್ತು. ಮನೆಮಾತಿಗೂ ಶಾಲೆಯ ಮಾತಿಗೂ ನಡುವಣ ಅಂತರವನ್ನು ಬಾಳಿನುದ್ದಕ್ಕೂ ಒಂದು ಬದಿಯಿಂದ ಕಂಡಿದ್ದ ಪಂಜೆಯವರು ಕೊನೆಗಾಲದಲ್ಲಿ ಅದನ್ನು ಮತ್ತೊಂದು ಬದಿಯಿಂದ ಕಂಡರು.

1937ರ ಅಕ್ಟೋಬರ್ 25ರಂದು ಅವರು ಹೈದರಾಬಾದಿನಲ್ಲಿ ನಿಧನರಾದರು. ಅದಕ್ಕೆ ಮುಂಚೆಯೇ, 1936ರಲ್ಲಿ, ಅದೇ ಜಿಲ್ಲೆಯ ಶಿವರಾಮ ಕಾರಂತರ ‘ಬಾಲಪ್ರಪಂಚ’ ಸಂಪುಟಗಳು ಹೊರಬಂದಿದ್ದವು. ಮೈಸೂರಿನ ಕಡೆ ಕುವೆಂಪು ಮತ್ತು ಜಿ.ಪಿ. ರಾಜರತ್ನಂ ಮಕ್ಕಳಿಗಾಗಿ ಬರೆಯತೊಡಗಿದ್ದರು. ‘ನಾಗರ ಹಾವೆ’ ಮುಂದಿನ ತಲೆಮಾರುಗಳ ಪಠ್ಯಪುಸ್ತಕಗಳಲ್ಲೂ ಜಾಗ ಪಡೆಯಿತು. ಬರೆದವರು ಯಾರೆಂದು ತಿಳಿಯದೆಯೇ ಅದನ್ನು ಮಕ್ಕಳಿಗೆ ಹೇಳಿಕೊಟ್ಟ ಮನೆಗಳೂ ಹಲವು. ಕೊಡಗಿನಲ್ಲಂತೂ ‘ಹುತ್ತರಿ ಹಾಡು’ ನಾಡಗೀತೆಯ ಸ್ಥಾನ ಪಡೆದಿದೆ.