ಕಾಸ್ಮಿಕ್ ಕಿರಣಗಳ ಲೆಕ್ಕ ಬಿಡಿಸಿದ ಹೋಮಿ ಭಾಭಾ

ಇಂದು ರಾತ್ರಿ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾಯುತ್ತವೆ, ಮೊಬೈಲ್ ಆಫ್ ಮಾಡಿ ಎಂಬ ವಾಟ್ಸ್‌ಆ್ಯಪ್ ಸಂದೇಶ ನಿಮಗೂ ಬಂದಿರಬಹುದು. ಅದು ಸುಳ್ಳು. ಈ ಕಿರಣಗಳ ಸುರಿಮಳೆ ಹಗಲು ರಾತ್ರಿ ನಡೆದೇ ಇರುತ್ತದೆ. ಸಿಂಧನೂರಿನ ಗದ್ದೆಯಲ್ಲಿ ನಿಂತರೂ ಅಂಗೈ ಮೂಲಕ ಸೆಕೆಂಡಿಗೆ ಸುಮಾರು ಒಂದು ಕಣ ಹಾದುಹೋಗುತ್ತದೆ. ಮೊಬೈಲ್ ಆಫ್ ಮಾಡಿದರೂ ಅದು ನಿಲ್ಲದು.

ಈ ಕಣಮಳೆಯ ಗುಟ್ಟು ಬಿಡಿಸಿದವರಲ್ಲಿ ಹೋಮಿ ಜಹಾಂಗೀರ್ ಭಾಭಾ ಪ್ರಮುಖರು. 1909ರ ಅಕ್ಟೋಬರ್ 30ರಂದು ಮುಂಬೈಯಲ್ಲಿ ಹುಟ್ಟಿದ ಅವರು, ಎಂಜಿನಿಯರಿಂಗ್ ಓದಲು ಕೇಂಬ್ರಿಜ್‌ಗೆ ಹೋಗಿ ಭೌತವಿಜ್ಞಾನಕ್ಕೆ ಹೊರಳಿದರು. 1937ರಲ್ಲಿ ವಾಲ್ಟರ್ ಹೈಟ್ಲರ್ ಜೊತೆ ಸಿದ್ಧಾಂತ ಮಂಡಿಸಿದರು: ವೇಗದ ಎಲೆಕ್ಟ್ರಾನ್ ಗಾಳಿಯಲ್ಲಿ ಗಾಮಾ ಕಿರಣ ಹೊಮ್ಮಿಸುತ್ತದೆ, ಅದರಿಂದ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿ ಹುಟ್ಟುತ್ತದೆ, ಹೀಗೆ ಸಂಖ್ಯೆ ಬೆಳೆಯುತ್ತಾ ಹೋಗುತ್ತದೆ.

1939ರಲ್ಲಿ ರಜೆಗೆ ಬಂದಾಗ ಯುದ್ಧ ಶುರುವಾಯಿತು. ಹಿಂದಿರುಗದೆ, ಸಿ.ವಿ. ರಾಮನ್ ಇದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಕಾಸ್ಮಿಕ್ ಕಿರಣ ಸಂಶೋಧನಾ ಘಟಕ ಕಟ್ಟಿದರು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಶುರುವಾದದ್ದೂ ಅಲ್ಲೇ.

ಮುಂದೆ ಆ ಸಂಸ್ಥೆಯವರು ಕೋಲಾರದ ಚಿನ್ನದ ಗಣಿಗಿಳಿದರು. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿ ಬಲ್ಲವರಿಗೆ ಆಳದ ಅಂದಾಜಿರುತ್ತದೆ. ಮೇಲಿನ ಬಂಡೆಯೇ ಉಳಿದ ಕಣಗಳನ್ನು ಸೋಸುತ್ತದೆ. 1965ರಲ್ಲಿ ಸುಮಾರು 2,300 ಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ಸಿಕ್ಕಿತು. ಮರುವರ್ಷ ಜನವರಿ 24ರಂದು ಭಾಭಾ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಇಂದು ಅರ್ಜೆಂಟೀನಾದ ಪಿಯರ್ ಓಜೆ ವೀಕ್ಷಣಾಲಯದ ಟೆಲಿಸ್ಕೋಪುಗಳು ಇಂಥ ಕಣಮಳೆಯ ಮಂದ ಬೆಳಕನ್ನು ಅಳೆಯುತ್ತವೆ. ಅಳತೆ ಸರಿಯಿದೆಯೇ ಎಂದು ನೋಡಲು ಶಕ್ತಿ ಮೊದಲೇ ಗೊತ್ತಿರುವ ಲೇಸರನ್ನು ಆಕಾಶಕ್ಕೆ ಹಾಯಿಸುತ್ತಾರೆ. ತಕ್ಕಡಿಯನ್ನು ಮುದ್ರೆಯ ತೂಕದ ಕಲ್ಲಿಟ್ಟು ಪರೀಕ್ಷಿಸಿದಂತೆ.