ಗುಬ್ಬಿ ತೋಟದಪ್ಪನವರ ದಾನವಿವೇಕ

ದಾನ ಮಾಡುವುದಕ್ಕೆ ಧನವಿದ್ದರೆ ಸಾಲದು. ಮನಸ್ಸೂ ಬೇಕು ಎಂಬುದನ್ನು ಎಲ್ಲರೂ ಬಲ್ಲರು. ಧನ, ಮನಸ್ಸು ಎರಡೂ ಇದ್ದ ಮೇಲೆ ಮತ್ತೊಂದು ಬೇಕಾಗುತ್ತದೆಂಬುದನ್ನು ಬಲ್ಲವರು ಕಡಮೆ. ಅದೇ ವಿವೇಕ. ಕೊಟ್ಟದ್ದು ಯಾರಿಗೆ ಸೇರಿತು, ಸೇರಿದ ಮೇಲೆ ಏನಾಯಿತು, ಕೊಟ್ಟವನು ಕಣ್ಮರೆಯಾದ ಮೇಲೂ ಅದು ನಡೆಯುತ್ತದೆಯೆ ಎಂದು ಕೇಳಿಕೊಳ್ಳುವುದು ಲೋಭದ ಲಕ್ಷಣವಲ್ಲ. ದೇಶ, ಕಾಲ, ಪಾತ್ರ ಎಂಬ ಮೂರನ್ನು ನೋಡಿ ಕೊಡಬೇಕೆಂದು ನಮ್ಮ ಹಿರಿಯರು ವಿಧಿಸಿದ್ದು ಈ ಅರ್ಥದಲ್ಲಿಯೇ. ಈ ಮೂರನ್ನೂ ನೋಡಿ ಕೊಟ್ಟವರ ಪೈಕಿ ನನ್ನ ಮನಸ್ಸಿಗೆ ಮೊದಲು ಬರುವ ಹೆಸರು ಗುಬ್ಬಿ ತೋಟದಪ್ಪನವರದು.

ತೋಟದಪ್ಪನವರು ಹುಟ್ಟಿದ್ದು 1838ರಲ್ಲಿ, ಗುಬ್ಬಿಯ ಒಂದು ವೀರಶೈವ ಮನೆತನದಲ್ಲಿ. ಆಗ ಮೈಸೂರು ಸೀಮೆಯ ಆಡಳಿತ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. ನಾಟಕ ಕಂಪೆನಿಯ ಹೆಸರಿನಿಂದ ಗುಬ್ಬಿ ಕನ್ನಡನಾಡಿಗೆಲ್ಲ ಪರಿಚಿತವಾದದ್ದು ಅನಂತರದ ಮಾತು. ಅದಕ್ಕೆ ಮೊದಲು ಅದು ವರ್ತಕರ ಊರು, ಅಡಕೆ ಕೊಬ್ಬರಿಗಳ ಸಂತೆಯ ಊರು. ಅಲ್ಲಿಂದ ಬೆಂಗಳೂರಿಗೆ ಬಂದು ನೆಲಸಿದ ತೋಟದಪ್ಪನವರು ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿ ಸಂಪತ್ತನ್ನು ಗಳಿಸಿದರು. ಮಾಮೂಲುಪೇಟೆಯ ಓಣಿಗಳನ್ನು ನೋಡಿದವರಿಗೆ ಆ ಸಂಪಾದನೆಯ ರೀತಿಯನ್ನು ವಿವರಿಸಬೇಕಾಗಿಲ್ಲ. ಅದು ಲೆಕ್ಕದ ಪುಸ್ತಕದ ಮುಂದೆ ಕುಳಿತು ಗಳಿಸಿದ ಹಣ. ಗೆದ್ದು ತಂದದ್ದಲ್ಲ, ಕಾಣಿಕೆಯಾಗಿ ಬಂದದ್ದೂ ಅಲ್ಲ. ಅವರ ದಾನಕ್ಕೂ ಈ ಲೆಕ್ಕದ ಗುಣ ಅಂಟಿಕೊಂಡು ಬಂದಿತೆಂದು ನನಗೆ ತೋರುತ್ತದೆ.

ಅವರ ನಡುವಯಸ್ಸಿನಲ್ಲಿ ಸಂಸ್ಥಾನಕ್ಕೆ ಮಹಾಕ್ಷಾಮ ಬಂದಿತು. 1871ರ ಖಾನೇಷುಮಾರಿಯಲ್ಲಿ ಐವತ್ತು ಲಕ್ಷಕ್ಕೆ ಮೀರಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷದ ಒಳಗೆ ಇಳಿದಿತ್ತು. 1876ರಿಂದ 1878ರವರೆಗಿನ ಆ ಮೂರು ವರ್ಷಗಳಲ್ಲಿ ಅನ್ನಛತ್ರಗಳು, ಗಂಜಿಕೇಂದ್ರಗಳು ಏರ್ಪಟ್ಟವು. ಗಂಜಿಯ ಸೌಟು ಎತ್ತಿದ ಕೈಗಳು ಪುಣ್ಯವಂತವೇ. ಆದರೆ ಹಂಚುವ ಜಾಗದವರೆಗೆ ನಡೆದು ಬರಲಾರದವರಿಗೆ ಆ ಗಂಜಿ ದೊರೆಯುವಂತಿರಲಿಲ್ಲ. ಅದೇ ಕ್ಷಾಮದ ಪರಿಹಾರಕಾರ್ಯವಾಗಿ ಬೆಂಗಳೂರಿನಿಂದ ಮೈಸೂರಿನ ಕಡೆಗೆ ರೈಲುದಾರಿಯ ಮಣ್ಣಿನ ಕೆಲಸ ನಡೆಯಿತು. ಹಸಿದವರು ಹೊತ್ತುಹಾಕಿದ ಆ ಮಣ್ಣಿನ ಮೇಲೆ 1881ರಲ್ಲಿ ಬಂಡಿ ಓಡತೊಡಗಿತು. ಆಗ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ರಾಮನಗರವೂ ಅದರಾಚೆಯ ಚನ್ನಪಟ್ಟಣವೂ ಬೆಂಗಳೂರಿಗೆ ಕೆಲವೇ ಗಂಟೆಗಳ ದಾರಿಯಾದವು. 1884ರಲ್ಲಿ ತುಮಕೂರಿನ ಕಡೆಯ ದಾರಿಯೂ ತೆರೆಯಿತು.

ರೈಲು ಜನರನ್ನು ಪಟ್ಟಣಕ್ಕೆ ತಂದು ಇಳಿಸುತ್ತದೆ. ಇಳಿದವರು ರಾತ್ರಿ ಎಲ್ಲಿರಬೇಕೆಂಬುದು ಅದರ ಚಿಂತೆಯಲ್ಲ. ಚನ್ನಪಟ್ಟಣದ ಬೊಂಬೆ ಮಾರುವವನು, ಕೋರ್ಟಿನ ವಾಯಿದೆಗೆ ಬಂದ ರೈತ, ಔಷಧಕ್ಕೆ ಬಂದ ಮುದುಕಿ, ಪರೀಕ್ಷೆಗೆ ಬಂದ ಹುಡುಗ, ಇವರಿಗೆ ಪೇಟೆಯಲ್ಲಿ ನೆಂಟರಿದ್ದರೆ ಸರಿ, ಇಲ್ಲದಿದ್ದರೆ ಜಗುಲಿಯೇ ಗತಿ. ಮಾಗಡಿ, ಕನಕಪುರಗಳ ಜನಕ್ಕೆ ರೈಲೂ ಇರಲಿಲ್ಲ. ಅವರು ಗಾಡಿಯಲ್ಲಿಯೋ ಕಾಲುನಡಿಗೆಯಲ್ಲಿಯೋ ಬರಬೇಕಾಗಿತ್ತು. ಅವರು ತುಳಿದು ಬಂದ ದಾರಿಗಳು ಇಂದಿಗೂ ಬೆಂಗಳೂರಿನಲ್ಲಿ ಮಾಗಡಿ ರಸ್ತೆ, ಕನಕಪುರ ರಸ್ತೆ ಎಂದು ಆ ಊರುಗಳ ಹೆಸರನ್ನೇ ಹೊತ್ತಿವೆ.

ತೋಟದಪ್ಪನವರು 1897ರಲ್ಲಿ ರೈಲು ನಿಲ್ದಾಣದ ಬಳಿಯಲ್ಲಿಯೇ ನೆಲವನ್ನು ಕೊಂಡರು. ಹುಟ್ಟೂರಿನಲ್ಲಿ ಕಟ್ಟಿದ್ದರೆ ಊರವರ ಹೊಗಳಿಕೆ ಸಿಗುತ್ತಿತ್ತು; ಪೇಟೆಯ ನಡುವೆ ಕಟ್ಟಿದ್ದರೆ ವರ್ತಕರ ಕಣ್ಣಿಗೆ ಬೀಳುತ್ತಿತ್ತು. ಅವರು ಆರಿಸಿದ್ದು ಅಪರಿಚಿತರು ಬಂದು ಇಳಿಯುವ ಸ್ಥಳವನ್ನು. ಮರುವರ್ಷ, 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಬಂದಿತು. ಊರೂರುಗಳಿಂದ ಬರುವ ಪ್ರಯಾಣಿಕನನ್ನು ಕಂಡರೆ ಜನ ಬಾಗಿಲು ಮುಚ್ಚುತ್ತಿದ್ದ ಕಾಲ ಅದು. ಅಂಥ ಕಾಲವನ್ನು ದಾಟಿ ಪ್ರಯಾಣಿಕರಿಗಾಗಿಯೇ ಒಂದು ಮನೆ ಎದ್ದಿತೆಂಬುದು ಸಣ್ಣ ಸಂಗತಿಯಲ್ಲ. 1903ರಲ್ಲಿ ಧರ್ಮಛತ್ರವೂ ಅದರೊಡನೆ ವಿದ್ಯಾರ್ಥಿಗಳ ಉಚಿತ ನಿಲಯವೂ ನಾಲ್ವಡಿ ಕೃಷ್ಣರಾಜ ಒಡೆಯರ ಕೈಯಿಂದ ತೆರೆಯಲ್ಪಟ್ಟವು.

ಛತ್ರ ಮತ್ತು ವಿದ್ಯಾರ್ಥಿನಿಲಯ ಎರಡನ್ನೂ ಒಟ್ಟಿಗೆ ಇಟ್ಟದ್ದನ್ನು ನಾನು ವಿಶೇಷವಾಗಿ ಗಮನಿಸುತ್ತೇನೆ. ಇವು ಒಂದೇ ಜಾತಿಯ ದಾನಗಳಲ್ಲ. ಛತ್ರದ ಫಲ ಮರುದಿನ ಬೆಳಗ್ಗೆಯೇ ತಿಳಿಯುತ್ತದೆ: ದಣಿದು ಬಂದವನು ಮಲಗಿ ಎದ್ದು ತನ್ನ ಕೆಲಸಕ್ಕೆ ಹೋಗುತ್ತಾನೆ. ಎಷ್ಟು ಮಂದಿ ತಂಗಿದರೆಂದು ದಿನಚರಿಯಲ್ಲಿ ಬರೆದಿಡಬಹುದು. ವಿದ್ಯಾರ್ಥಿಯ ವಿಷಯ ಹಾಗಲ್ಲ. ಅವನಿಗೆ ನಾಲ್ಕು ವರ್ಷ ಅನ್ನ, ನೆಲೆ ಕೊಟ್ಟ ಮೇಲೂ ಏನು ಫಲಿಸಿತೆಂದು ಹೇಳಲಾಗುವುದಿಲ್ಲ. ಅವನು ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಹೋಗಬಹುದು; ತೇರ್ಗಡೆಯಾಗಿ ತನ್ನೊಬ್ಬನ ಸುಖವನ್ನೇ ನೋಡಿಕೊಳ್ಳಬಹುದು. ಎಣಿಸಬಹುದಾದ ಫಲವನ್ನೇ ಬಯಸುವ ದಾನಿ ಛತ್ರವನ್ನಷ್ಟೇ ಕಟ್ಟುತ್ತಿದ್ದನು. ತೋಟದಪ್ಪನವರು ಎಣಿಕೆಗೆ ಸಿಗುವುದನ್ನೂ ಸಿಗದಿರುವುದನ್ನೂ ಒಂದೇ ಆವರಣದೊಳಗೆ ತಂದರು.

ಆ ದಂಪತಿಗಳಿಗೆ ಮಕ್ಕಳಿರಲಿಲ್ಲ. ಮಕ್ಕಳಿಲ್ಲದ ಸಿರಿವಂತರು ದತ್ತು ತೆಗೆದುಕೊಳ್ಳುವುದು ಲೋಕದ ವಾಡಿಕೆ. ತೋಟದಪ್ಪನವರ ಆಸ್ತಿ ದತ್ತಿಯಾಯಿತು. ತಮ್ಮ ಸ್ವತ್ತನ್ನು ಧರ್ಮಸಂಸ್ಥೆಯೊಂದಕ್ಕೆ ಬಿಟ್ಟು, ಅದರ ಆಡಳಿತವನ್ನು ಧರ್ಮದರ್ಶಿಗಳಿಗೆ ಒಪ್ಪಿಸಿದರು. ಮೊದಲ ಅಧ್ಯಕ್ಷರಾದವರು ಕೆ. ಪಿ. ಪುಟ್ಟಣ್ಣ ಚೆಟ್ಟರು. ಮೈಸೂರು ಸರ್ಕಾರದ ಹಿರಿಯ ಹುದ್ದೆಗಳಲ್ಲಿ ಹೆಸರು ಪಡೆದು, ಮುಂದೆ ಬೆಂಗಳೂರು ಪುರಸಭೆಯ ಅಧ್ಯಕ್ಷರೂ ಆದ ಅವರ ನೆನಪಿಗಾಗಿಯೇ ಬೆಂಗಳೂರಿನ ಪುರಭವನಕ್ಕೆ ಅವರ ಹೆಸರಿದೆ. ಲೆಕ್ಕಪತ್ರ, ಕಾನೂನು, ಸರ್ಕಾರದ ನಡವಳಿಕೆ ಮೂರನ್ನೂ ಬಲ್ಲವರ ಕೈಗೆ ವರ್ತಕನೊಬ್ಬ ತನ್ನ ಜೀವಮಾನದ ಗಳಿಕೆಯನ್ನು ಇಟ್ಟನೆಂದರೆ, ಅವನು ಕಟ್ಟಡವನ್ನು ಮಾತ್ರವಲ್ಲದೆ ಅದನ್ನು ನಡೆಸುವವರನ್ನೂ ದಾನದ ಭಾಗವಾಗಿ ಎಣಿಸಿದ್ದನೆಂದು ಹೇಳಬೇಕು.

ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅಧ್ಯಾಪಕ ವೃತ್ತಿಯಲ್ಲಿದ್ದ ನಾನು ದಾನಿಗಳನ್ನು ಹತ್ತಿರದಿಂದ ನೋಡಿದ್ದೇನೆ. ಬಹುಮಂದಿ ಮೊದಲು ಕೇಳುವ ಪ್ರಶ್ನೆ, ನಮ್ಮ ಹಣದಲ್ಲಿ ಗುಮಾಸ್ತರ ಸಂಬಳಕ್ಕೆ ಎಷ್ಟು ಹೋಗುತ್ತದೆ ಎಂಬುದು. ಎರಡನೆಯ ಪ್ರಶ್ನೆ, ಹೆಸರಿನ ಕಲ್ಲು ಎಲ್ಲಿ ಬರುತ್ತದೆ ಎಂಬುದು. ಹುಡುಗರು ಏನು ಕಲಿತರೆಂಬ ಪ್ರಶ್ನೆ ಅಪರೂಪ. ಆಡಳಿತಕ್ಕೆ ಖರ್ಚು ಕಡಮೆಯೆಂದ ಮಾತ್ರಕ್ಕೆ ಸಂಸ್ಥೆ ಒಳ್ಳೆಯದಾಗುವುದಿಲ್ಲ. ಲೆಕ್ಕ ಬರೆಯುವವನಿಲ್ಲದ ಛತ್ರದಲ್ಲಿ ಅಕ್ಕಿಯ ಮೂಟೆ ಯಾವ ಬಾಗಿಲಿನಿಂದ ಹೊರಗೆ ಹೋಯಿತೆಂಬುದನ್ನು ಹೇಳುವವರು ಯಾರು? ಅಡುಗೆಯವನ ಸಂಬಳವನ್ನು ಉಳಿಸಿ ಅನ್ನ ಹೆಚ್ಚು ಬಡಿಸುತ್ತೇವೆಂದರೆ ಅದನ್ನು ಬೇಯಿಸುವವರು ಯಾರು? ನೂರು ಮಂದಿಗೆ ಒಂದು ದಿನ ಬಡಿಸಿ ಮುಗಿದುಹೋಗುವ ಮಿತವ್ಯಯಕ್ಕಿಂತ, ಹತ್ತು ಮಂದಿಯನ್ನು ವರ್ಷ ವರ್ಷವೂ ಕಾಯುವ ವ್ಯವಸ್ಥೆ ಮೇಲು. ಅಂಥ ವ್ಯವಸ್ಥೆಗೆ ಬೆಲೆಯುಂಟು.

ಅದೇ ವರ್ಷಗಳಲ್ಲಿ ಇನ್ನೊಬ್ಬ ದೊಡ್ಡ ದಾನಿಯ ಯೋಚನೆಯೂ ಬೆಂಗಳೂರಿನ ಕಡೆಗೆ ತಿರುಗಿತ್ತು. ಜಮ್‌ಷೆಟ್‌ಜಿ ಟಾಟಾ ಅವರು ವಿಜ್ಞಾನ ಸಂಶೋಧನೆಗೆಂದು ಮುಂಬಯಿಯ ತಮ್ಮ ಸ್ವತ್ತುಗಳನ್ನು ಮೀಸಲಿಡಲು ಮುಂದಾದದ್ದು 1898ರಲ್ಲಿ. ಅವರು 1904ರಲ್ಲಿ ತೀರಿಕೊಂಡರು. ಮೈಸೂರು ಸಂಸ್ಥಾನ 371 ಎಕರೆ ನೆಲವನ್ನು ಕೊಟ್ಟು, ಸಂಸ್ಥೆ ಏರ್ಪಟ್ಟದ್ದು 1909ರಲ್ಲಿ. ಟಾಟಾ ಅವರ ದಾನಕ್ಕೆ ವಿದ್ವಾಂಸರ ಸಲಹೆಯಿತ್ತು, ಸರ್ಕಾರಗಳ ಪತ್ರವ್ಯವಹಾರವಿತ್ತು. ಗುಬ್ಬಿಯ ವರ್ತಕರ ದಾನ ಅದರ ಮುಂದೆ ಚಿಕ್ಕದು. ಆದರೆ ತಾವು ಇಲ್ಲದಿರುವಾಗಲೂ ನಡೆಯುವಂತೆ ಏರ್ಪಡಿಸಬೇಕೆಂಬ ವಿಷಯದಲ್ಲಿ ಇಬ್ಬರೂ ಒಂದೇ ಪಂಕ್ತಿಯವರು.

1905ರಲ್ಲಿ ಮಹಾರಾಜರು ತೋಟದಪ್ಪನವರಿಗೆ ಧರ್ಮಪ್ರವರ್ತ ಎಂಬ ಬಿರುದನ್ನಿತ್ತರು. ಬ್ರಿಟಿಷ್ ಸರ್ಕಾರದಿಂದ ರಾವ್ ಬಹದ್ದೂರ್ ಪದವಿ ಬಂದದ್ದು 1910ರಲ್ಲಿ. ಅದೇ ವರ್ಷ ಅವರು ಕಾಲವಾದರು. ವಯಸ್ಸು ಎಪ್ಪತ್ತೆರಡರ ಆಸುಪಾಸು. ಛತ್ರ ತೆರೆದ ಮೇಲೆ ಅವರು ಬದುಕಿದ್ದು ಏಳೇ ವರ್ಷ. ಆ ಏಳು ವರ್ಷಗಳಲ್ಲಿ ಅವರು ಕಂಡ ಫಲ, ಬಿತ್ತಿದವನು ಮೊಳಕೆಯನ್ನು ಕಂಡಷ್ಟು ಮಾತ್ರ.

ತೆನೆ ಕಂಡದ್ದು ಬಹಳ ತಡವಾಗಿ, ಅದೂ ನಮ್ಮ ಮಾಗಡಿ ಸೀಮೆಯಿಂದ. ಮಾಗಡಿ ತಾಲ್ಲೂಕಿನ ವೀರಾಪುರದ ಹೊನ್ನೇಗೌಡ, ಗಂಗಮ್ಮ ಎಂಬ ಒಕ್ಕಲುಮನೆಯ ದಂಪತಿಗಳಿಗೆ 1907ರ ಏಪ್ರಿಲ್ 1ರಂದು ಹದಿಮೂರನೆಯ ಮಗು ಹುಟ್ಟಿತು. ಶಿವಣ್ಣನೆಂಬ ಆ ಹುಡುಗ ಚಿಕ್ಕಂದಿನಲ್ಲಿಯೇ ತಾಯಿಯನ್ನು ಕಳೆದುಕೊಂಡು, ನಾಗವಲ್ಲಿ, ತುಮಕೂರುಗಳಲ್ಲಿ ಓದಿ, 1926ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿದನು. ಅವನಿಗೆ ಇರಲು ನೆಲೆಯಾದದ್ದು ತೋಟದಪ್ಪನವರ ಉಚಿತ ವಿದ್ಯಾರ್ಥಿನಿಲಯ. ದಾನಿ ತೀರಿಕೊಂಡು ಆಗಲೇ ಹದಿನೇಳು ವರ್ಷಗಳಾಗಿದ್ದವು. 1930ರಲ್ಲಿ ಆ ವಿದ್ಯಾರ್ಥಿ ಸಿದ್ಧಗಂಗಾ ಮಠದ ಉತ್ತರಾಧಿಕಾರಿಯಾಗಿ ಕಾಲೇಜನ್ನು ಬಿಟ್ಟನು; ಪದವಿ ದೊರೆಯಲಿಲ್ಲ. ವಿದ್ಯಾರ್ಥಿನಿಲಯದ ಆ ವರ್ಷದ ವರದಿಯನ್ನು ಪದವಿಗಳ ಎಣಿಕೆಯಿಂದಲೇ ಅಳೆಯುವವನಿಗೆ ಇದು ನಷ್ಟದ ಬಾಬು. ಅದೇ ವಿದ್ಯಾರ್ಥಿ ಶಿವಕುಮಾರ ಸ್ವಾಮಿಗಳಾಗಿ 1941ರಲ್ಲಿ ಮಠದ ಹೊಣೆ ಹೊತ್ತು, 2019ರ ಜನವರಿ 21ರಂದು ನೂರಹನ್ನೊಂದನೆಯ ವಯಸ್ಸಿನಲ್ಲಿ ಲಿಂಗೈಕ್ಯರಾಗುವ ವೇಳೆಗೆ, ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಉಚಿತವಾಗಿ ಉಂಡು, ಇದ್ದು, ಓದುತ್ತಿದ್ದರು.

ಇಲ್ಲಿ ಎರಡು ಸಂದೇಹಗಳನ್ನು ಎತ್ತದೆ ಮುಂದೆ ಹೋಗುವುದು ಸರಿಯಲ್ಲ. ಒಬ್ಬ ಮಹಾಪುರುಷನನ್ನು ತೋರಿಸಿ ಸಂಸ್ಥೆಯ ಸಾರ್ಥಕತೆಯನ್ನು ಸಾಧಿಸುವುದು ಸುಲಭವಾದ ವಾದ, ಸುಲಭವಾದ್ದರಿಂದಲೇ ಅಪಾಯದ್ದು. ಆ ನಿಲಯವಿಲ್ಲದಿದ್ದರೆ ವೀರಾಪುರದ ಹುಡುಗ ಬೇರೆಲ್ಲಿಯಾದರೂ ಇದ್ದು ಓದುತ್ತಿದ್ದನೋ ಏನೋ, ಯಾರೂ ಆಣೆಯಿಟ್ಟು ಹೇಳಲಾರರು. ಹೆಸರಾಗದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಲ್ಲಿದ್ದು ಓದಿ ಹಳ್ಳಿಯ ಶಾಲೆಗೆ ಮೇಷ್ಟರಾಗಿ ಹೋದವನು, ಕಛೇರಿಯ ಗುಮಾಸ್ತನಾಗಿ ತಮ್ಮಂದಿರನ್ನು ಓದಿಸಿದವನು, ಇವರೇ ಯಾವ ವಿದ್ಯಾರ್ಥಿನಿಲಯಕ್ಕಾದರೂ ನಿಜವಾದ ಬೆಳೆ. ಸ್ವಾಮಿಗಳು ಆ ಬೆಳೆಯ ನಡುವೆ ಎದ್ದ ಆಲದ ಮರ.

ಎರಡನೆಯ ಸಂದೇಹ ಇನ್ನೂ ಗಡುಸಾದದ್ದು. ಆ ನಿಲಯ ವೀರಶೈವ ವಿದ್ಯಾರ್ಥಿಗಳಿಗಾಗಿ ಏರ್ಪಟ್ಟದ್ದು. ಅದು ಕಾಲದ ರೀತಿ. ಮೈಸೂರು ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ 1905ರಲ್ಲಿ, ಒಕ್ಕಲಿಗರ ಸಂಘ 1906ರಲ್ಲಿ ಹುಟ್ಟಿದವು. ತಂತಮ್ಮ ಮಕ್ಕಳನ್ನು ಓದಿಸುವ ಹೊಣೆಯನ್ನು ಒಂದೊಂದು ಸಮುದಾಯವೂ ಹೊತ್ತುಕೊಂಡ ಕಾಲವದು. ಆದರೂ, ಬಾಗಿಲ ಹೊರಗೆ ನಿಂತ ಬೇರೆ ಜಾತಿಯ ಬಡ ಹುಡುಗನ ಕಡೆಯಿಂದ ನೋಡಿದರೆ ಪಾತ್ರವಿವೇಚನೆ ಇಲ್ಲಿ ಒಂದು ಗೆರೆಯ ಬಳಿ ನಿಂತುಬಿಟ್ಟಿತ್ತು. ಆ ಗೆರೆಯನ್ನು ದಾಟಿದವರು ಅಲ್ಲಿ ಅನ್ನ ಉಂಡ ವೀರಾಪುರದವರೇ. ಸಿದ್ಧಗಂಗೆಯ ಪಂಕ್ತಿಯಲ್ಲಿ ಎಲ್ಲ ಜಾತಿ ಮತಗಳ ಮಕ್ಕಳೂ ಕುಳಿತರು. ಕೊಟ್ಟವನ ಕೈಗಿಂತ ಪಡೆದವನ ಕೈ ದೊಡ್ಡದಾದರೆ ಅದಕ್ಕಿಂತ ಹೆಚ್ಚಿನ ಫಲವನ್ನು ಯಾವ ದಾನಿ ಬಯಸಬಹುದು?

ಛತ್ರದ ಸಮೀಪದಲ್ಲಿಯೇ ಇನ್ನೊಂದು ಹಳೆಯ ಧರ್ಮದ ಗುರುತಿದೆ. ಈಗಿನ ಕೆಂಪೇಗೌಡ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರ ಹೆಸರಿನೊಡನೆ ಸೇರಿಬಂದ ಕೆರೆ ಅದು. ಬೆಂಗಳೂರು 1638ರಲ್ಲಿ ಬಿಜಾಪುರದ ಸೇನೆಯ ವಶವಾದ ಮೇಲೆ ಆ ವಂಶದವರು ಆಳಿದ್ದು ನಮ್ಮ ಮಾಗಡಿಯಿಂದ. ಕೆರೆಯ ಉಪಯೋಗವನ್ನು ಅಳೆಯಲು ವರದಿ ಬೇಕಾಗಿರಲಿಲ್ಲ. ತುಂಬಿದ ಕೊಡವೇ ಸಾಕ್ಷಿ. 1896ರಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಬಂದ ಮೇಲೆ ಪಟ್ಟಣ ತನ್ನ ಕೆರೆಗಳನ್ನು ಮರೆಯತೊಡಗಿತು. ಧರ್ಮಾಂಬುಧಿ ಬತ್ತಿ ಬಯಲಾಯಿತು. ಒಮ್ಮೆ ಚೆನ್ನಾಗಿ ಕೊಟ್ಟದ್ದು ಎಂದೆಂದಿಗೂ ಚೆನ್ನಾಗಿಯೇ ಇರುತ್ತದೆಂಬ ಭರವಸೆಯಿಲ್ಲ. ಅದನ್ನು ಕಾಲಕಾಲಕ್ಕೆ ನೋಡಿಕೊಳ್ಳುವವರಿರಬೇಕು, ಕೇಳುವವರಿರಬೇಕು.

ತೋಟದಪ್ಪನವರ ಧರ್ಮಸಂಸ್ಥೆ ಇಂದಿಗೂ ನಡೆಯುತ್ತಿದೆ. ರೈಲು ನಿಲ್ದಾಣದ ಬಳಿಯ ರಸ್ತೆಗೆ ಅವರ ಹೆಸರಿದೆ. ದಿನವೂ ಸಾವಿರಾರು ಜನ ಆ ಹೆಸರನ್ನು ಗುರುತಿಗಾಗಿ ಮಾತ್ರ ಬಳಸಿ ಮುಂದೆ ಹೋಗುತ್ತಾರೆ. ಕೊಡುವ ಶಕ್ತಿಯುಳ್ಳ ವಾಚಕರು, ಮುಂದೆ ಆ ಶಕ್ತಿಯನ್ನು ಪಡೆಯಲಿರುವ ವಿದ್ಯಾರ್ಥಿಗಳು, ಆ ಹೆಸರನ್ನು ಓದಿದಾಗ ಸ್ವಲ್ಪ ನಿಂತು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಅಗತ್ಯ ಇರುವ ಜಾಗದಲ್ಲಿಯೇ ಕೊಡುತ್ತಿದ್ದೇನೆಯೆ? ನಾನಿಲ್ಲದಾಗ ನಡೆಸುವವರಾರು, ಅವರ ಲೆಕ್ಕವನ್ನು ನೋಡುವವರಾರು? ಈಗ ಕಾಣದ ಫಲಕ್ಕೆ ಕಾಯುವ ತಾಳ್ಮೆ ನನಗಿದೆಯೆ? ನನ್ನ ಬಾಗಿಲಿನ ಹೊರಗೆ ನಿಂತವರು ಯಾರು? ತೋಟದಪ್ಪನವರ ಜೀವನ ಮೊದಲ ಮೂರಕ್ಕೆ ನಿಚ್ಚಳವಾದ ಉತ್ತರವನ್ನು ಕೊಡುತ್ತದೆ. ಕೊನೆಯದನ್ನು ಅವರು ನಮಗೆ ಬಿಟ್ಟುಹೋಗಿದ್ದಾರೆ.